ಸದ್ದು ಮಾಡುವ ಕೀಬೋರ್ಡ್

"ಡಬ್ಬ ಒಡೆದ್ಮೇಲೆ ವಾಪಸ್ ತಗೊಳಲ್ಲಪ್ಪ," ಎಂದ ಅಮರನಾಥ್, ಮುನಿರಾಜು ಗಾಜಿನ ಮೇಜಿನ ಮೇಲಿಟ್ಟ ಕೀಬೋರ್ಡಿನತ್ತ ನೋಡದೆಯೇ. "ಮೊನ್ನೆ ತಾನೆ ಒತ್ತಿ ನೋಡಿ ತಗೊಂಡೋದೆ. ಬೆಣ್ಣೆ ಇದ್ದಂಗಿದೆ ಅಂದೋನು ನೀನೇ."

ಹಾಗಂದದ್ದು ನಿಜ. ಕೋಲಾರದ ಅಮರನಾಥನ ಈ ಕಂಪ್ಯೂಟರ್ ಅಂಗಡಿಯಲ್ಲಿ ಮೊನ್ನೆಯೂ ಮುನಿರಾಜು ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೇ ನಿಂತಿದ್ದ. ಬಲಗೈಯಲ್ಲಿ ಮಾತ್ರ ಒತ್ತಿ ನೋಡಿ, ಮೆತ್ತಗಿದೆಯೆಂದು ಒಪ್ಪಿ ಕೊಂಡುಹೋಗಿದ್ದ. ಆ ಎಡಗೈಯ ಎರಡು ಬೆರಳ ತುದಿಗಳನ್ನು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಯಂತ್ರ ತಿಂದು ನಾಲ್ಕು ವರ್ಷವಾಗಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸೇರಿದ್ದ ಕೆಲಸ ಅದು. ಅವತ್ತು ಮೇಸ್ತ್ರಿ ಓಡಿ ಬಂದು ಮೊದಲು ನೋಡಿದ್ದು ಅವನ ಕೈಯನ್ನಲ್ಲ, ಯಂತ್ರವನ್ನು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಯಾರಾದರೂ 'ಪಾಪ' ಅಂದರೆ ಸಾಕು, ಬೂದಿ ಹಾರಿ ಕೆಂಡ ಕಾಣುತ್ತಿತ್ತು. ಅದಕ್ಕೇ ಜೇಬು.

ಈಗ ಅವನದು ಮುಳಬಾಗಿಲಿನ ತಾಲ್ಲೂಕು ಕಚೇರಿ ಎದುರು ಶ್ಯಾಮಲಮ್ಮನ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವ ಕೆಲಸ. ಅಲ್ಲಿದ್ದ ಹಳೇ ಕೀಬೋರ್ಡು ಕಲ್ಲಿನಂತಿತ್ತು. ಬಡಿಸಿಕೊಂಡು ಬಡಿಸಿಕೊಂಡು ಹೋದ ವಾರ ಸತ್ತಿತು. ಹೊಸದು ಬಂದದ್ದೇ ಎಡವಟ್ಟು ಶುರು. ಮೊಂಡು ಬೆರಳಿಗೆ ಸ್ಪರ್ಶವಿಲ್ಲ. ಸುಮ್ಮನೆ ಇಟ್ಟರೂ ಮೆತ್ತನೆಯ ಕೀಲಿ ಇಳಿದುಬಿಡುತ್ತಿತ್ತು, ಇಳಿದದ್ದು ಅವನಿಗೆ ತಿಳಿಯುತ್ತಿರಲಿಲ್ಲ. ಬೈರಕೂರಿನ ಮುನಿಯಲ್ಲಮ್ಮನ ಪಿಂಚಣಿ ಅರ್ಜಿಯ ತುಂಬ ಬೇಡದ ಅಕ್ಷರ ಬಿದ್ದು, ಕಚೇರಿಯವರು ಹಿಂದಕ್ಕೆ ಎಸೆದರು. ಮುದುಕಿ ಮರುದಿನ ಮತ್ತೆ ಬಸ್ಸು ಹತ್ತಿ ಬಂದಳು. ಬೈಯಲಿಲ್ಲ. ಅವನಿಗೆ ಉರಿದದ್ದು ಅದೇ.

"ನಿನ್ ಕೈ ನೋಡಿ ಕೆಲ್ಸ ಕೊಡ್ಲಿಲ್ಲ ಕಣೋ, ನೀನ್ ಬಡಿಯೋದ್ ನೋಡಿ ಕೊಟ್ಟೆ," ಎಂದಿದ್ದಳು ಶ್ಯಾಮಲಮ್ಮ ಈ ಬೆಳಿಗ್ಗೆ. "ಇವತ್ತೇ ನಿಂಗೆ ಒಗ್ಗೋದ್ ತಂದ್ರೆ ಕೂತ್ಕೋ. ಇಲ್ಲಾಂದ್ರೆ ನಾಳೆಯಿಂದ ಬೇರೆಯೋರ್ ಬರ್ತಾರೆ."

"ವಾಪಸ್ ಬ್ಯಾಡ ಬಿಡಣ್ಣ," ಎಂದ ಮುನಿರಾಜು. "ಬೇರೇದು ತೋರ್ಸು."

ಅಮರನಾಥ್ ಮೂರು ಇಳಿಸಿದ. ಒಂದು ಹಪ್ಪಳದಷ್ಟು ತೆಳು, ಒಂದಕ್ಕೆ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಬಣ್ಣಬಣ್ಣದ ದೀಪ. ಮುನಿರಾಜು ಬಲಗೈಯಲ್ಲಿ ಒತ್ತುತ್ತ ಹೋದ. ಬಲಗೈಗೆ ಎಲ್ಲವೂ ಚೆನ್ನಾಗಿಯೇ ಇದ್ದವು.

"ಏನಬ್ಬಯ್ಯಾ, ಮಾವಿನ ಮಂಡೀಲಿ ಹಣ್ಣು ಅಮುಕ್ದಂಗೆ ಅಮುಕ್ತೀಯ. ಇನ್ನೊಂದ್ ಕೈನ ಜೇಬಲ್ಲಿ ಮೊಟ್ಟೆಗೆ ಕಾವು ಕೊಡಕ್ ಬಿಟ್ಟಿದ್ಯಾ?" ಎಂದ ಅಮರನಾಥ್.

ಪಕ್ಕದಲ್ಲಿದ್ದ ಗಿರಾಕಿ ಕಿಸಕ್ಕನೆ ನಕ್ಕ. ಮುನಿರಾಜುವಿನ ಕಿವಿ ಕಾದವು. ಬಾಯಿಗೆ ಬಂದ ಬೈಗುಳ ನುಂಗಿ, ಎಡಗೈಯನ್ನು ಕಿತ್ತು ಗಾಜಿನ ಮೇಲಿಟ್ಟ.

"ಈ ಕೈಗೆ ಕೊಡು."

ಗಿರಾಕಿಯ ನಗು ನಿಂತಿತು. "ಅಯ್ಯೋ ಪಾಪ," ಎಂದ.

"ಪಾಪ ನಿಮ್ಮನೇಲಿ ಇಟ್ಕೊಳಣ್ಣ."

ಅಮರನಾಥ್ ಕಣ್ಣು ತಪ್ಪಿಸಲಿಲ್ಲ. ಬಗ್ಗಿ ಮೊಂಡು ಬೆರಳುಗಳನ್ನು ನೋಡಿ, "ತಾಕಿದ್ರೆ ಗೊತ್ತಾಗುತ್ತಾ?" ಎಂದು ಕೇಳಿದ.

"ಇಲ್ಲ."

"ಮೊನ್ನೇನೇ ಹೇಳೋದಲ್ವೇನೋ." ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ದೂಳು ಕೂತ ಡಬ್ಬವೊಂದನ್ನು ಎರಡು ಕೈಯಲ್ಲಿ ಇಳಿಸಿದ. "ಸದ್ದು ಜಾಸ್ತಿ ಅಂತ ಇದ್ನ ಯಾರೂ ಮುಟ್ಟಲ್ಲ. ಬೆರಳಿಗೆ ಗೊತ್ತಾಗ್ದಿದ್ರೆ ಕಿವಿಗಾದ್ರೂ ಗೊತ್ತಾಗ್ಲಿ." ತನ್ನ ಕಂಪ್ಯೂಟರಿಗೇ ಸಿಕ್ಕಿಸಿ ಪರದೆ ತಿರುಗಿಸಿದ.

ಮುನಿರಾಜು ಎರಡೂ ಕೈ ಇಟ್ಟ. ಕೈಯ ಭಾರಕ್ಕೆ ಕೀಲಿಗಳು ಅಲುಗಲಿಲ್ಲ. ಮೊಂಡು ಬೆರಳಿನಿಂದ ಬೇಕೆಂದೇ ಒತ್ತಿದ. ಟಕ್. ಕಣ್ಣು ಮುಚ್ಚಿ, ಬಾಯಿಪಾಠವಾಗಿದ್ದ ಮುನಿಯಲ್ಲಮ್ಮನ ಅರ್ಜಿಯನ್ನು ಮೊದಲಿನಿಂದ ಬಡಿಯತೊಡಗಿದ. ಕಣ್ಣು ಬಿಟ್ಟಾಗ ಪರದೆಯ ಮೇಲೆ ಒಂದು ಅಕ್ಷರವೂ ಹೆಚ್ಚಿರಲಿಲ್ಲ.

ಮುಳಬಾಗಿಲಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಡಬ್ಬವನ್ನು ಬಲಗಂಕುಳಲ್ಲಿ ಅವುಚಿಕೊಂಡು ನಿಂತ. ಕಂಡಕ್ಟರ್ ಟಿಕೆಟು ಚಾಚಿದಾಗ ಎಡಗೈ ನೀಡಿದ. ಎಡಗೈಯಲ್ಲಿ ಇಸಕೊಳ್ತೀಯಾ ಎಂದು ಗದರಲು ಬಾಯಿ ತೆರೆದ ಕಂಡಕ್ಟರ್, ಕೈ ನೋಡಿ ಮುಂದಿನ ಸೀಟಿಗೆ ತಿರುಗಿಕೊಂಡ. ಮುನಿರಾಜು ಟಿಕೆಟನ್ನು ಮೊಂಡು ಬೆರಳುಗಳ ನಡುವೆ ಸಿಕ್ಕಿಸಿ, ಅದೇ ಕೈಯಲ್ಲಿ ಮೇಲಿನ ಕಂಬಿ ಹಿಡಿದ. ದಾರಿಯುದ್ದಕ್ಕೂ ಆ ಟಿಕೆಟು ಕಿಟಕಿಯ ಗಾಳಿಗೆ ಪಟಪಟ ಅನ್ನುತ್ತಿತ್ತು.