ಗೇಟಿನ ಹತ್ತಿರದ ಹುಲ್ಲು

ಮಾವ ಗೇಟಿನ ಒಳಗಡೆ ಮೊಣಕಾಲೂರಿ ಕೂತು, ಮುಷ್ಟಿಯನ್ನು ನೆಲಕ್ಕೊತ್ತಿ ಹೆಬ್ಬೆರಳನ್ನು ಮೇಲಕ್ಕೆತ್ತಿದರು. ಹೆಬ್ಬೆರಳು ಹುಲ್ಲಿನಲ್ಲಿ ಮುಳುಗಿತು. ಇನ್ನೊಂದು ಕೈಯಿಂದ ಸವರಿ ಖಾತ್ರಿ ಮಾಡಿಕೊಂಡು, "ಮುಚ್ಚಿತು. ನಾಳೆ ಬೆಳಿಗ್ಗೆ ದನ ಬಿಡೋಣ," ಎಂದರು.

ಆ ಮನೆಯಲ್ಲಿ ಗೇಟು ತೆಗೆಯುವ ದಿನವನ್ನು ಗೊತ್ತು ಮಾಡುವುದು ಆ ಹೆಬ್ಬೆರಳೇ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಒಣಹುಲ್ಲು ಅಗಿದು ಬೇಸತ್ತ ಹಸುಗಳು ಎಷ್ಟೇ ಅರಚಿಕೊಳ್ಳಲಿ, ಹುಲ್ಲು ಅಷ್ಟೆತ್ತರ ಬರುವ ತನಕ ಚಿಲಕ ಮುಟ್ಟುವಂತಿಲ್ಲ. ಎಳೆಯದನ್ನೇ ಮೇಯಿಸಿಬಿಟ್ಟರೆ ಬೇರು ಸೊರಗುತ್ತದೆ, ಬರಿದಾದ ಜಾಗದಲ್ಲಿ ಕಳೆ ಬಂದು ಕೂರುತ್ತದೆ. ಹಾಗೆ ಕಾಯುವ ಬುದ್ಧಿ ಇದ್ದದ್ದರಿಂದಲೇ ಮಾವನ ಅಪ್ಪ ಬೆಳೆಸಿದ ಹುಲ್ಲುಗಾವಲು ಇವತ್ತಿಗೂ ನೇಗಿಲು ಕಾಣದೆ ಉಳಿದಿತ್ತು. ಅಕ್ಕಪಕ್ಕದವರು ಆಗಾಗ ಉತ್ತು ಹೊಸ ಬೀಜ ಹಾಕುವಾಗ ಮಾವ, "ಹುಲ್ಲಿಗೆ ಮುಪ್ಪಿಲ್ಲ, ಇವರಿಗೆ ತಾಳ್ಮೆ ಇಲ್ಲ," ಎಂದು ನಗುತ್ತಿದ್ದರು.

ಸೊಸೆ ಕೈಯಲ್ಲಿದ್ದ ಸಗಣಿ ಕೆದರುವ ಕೋಲನ್ನು ಬೇಲಿಗೆ ಒರಗಿಸಿದಳು. ವಾರದಿಂದ ಅವಳು ಆ ಗಾವಲಿನಲ್ಲೇ ಇದ್ದಳು: ಒಣಗಿದ ಸಗಣಿ ಚದುರಿಸುವುದು, ಕಲ್ಲು ಆಯುವುದು, ಸಡಿಲವಾದ ತಂತಿ ಬಿಗಿಯುವುದು. ಗಾವಲಿನ ನಡುವೆ ಹುಲ್ಲು ಬೆರಳ ಗೆಣ್ಣಿನಷ್ಟೂ ಇರಲಿಲ್ಲ. ಗೇಟಿನ ಬಳಿ ಮಾತ್ರ ಹುಲುಸಾಗಿತ್ತು. ದನ ತುಳಿದು ತುಳಿದು ಕೆಸರಾಗಿದ್ದ ಆ ಜಾಗಕ್ಕೆ ಹೋದ ವರ್ಷ ಅವಳೇ ಬೇಗ ಬೆಳೆಯುವ ಬೀಜ ಎರಚಿದ್ದಳು. ಮೊದಲೆಲ್ಲ ಮಾವ ಗಾವಲನ್ನು ಪೂರ್ತಿ ಸುತ್ತಿ ಹತ್ತು ಕಡೆ ಮುಷ್ಟಿ ಊರುತ್ತಿದ್ದವರು, ಈ ಸಲ ಗೇಟು ಬಿಟ್ಟು ಮುಂದಕ್ಕೆ ಹೋಗಿರಲಿಲ್ಲ.

ಸಂಜೆ ಹಾಲು ಕರೆಯುವಾಗ ಇದನ್ನು ಗಂಡನಿಗೆ ಹೇಳಿದಳು.

"ಅಪ್ಪ ಹೇಳಿದ ಮೇಲೆ ಮುಗೀತು," ಎಂದ ಅವನು, ಹಸುವಿನ ಹೊಟ್ಟೆಗೆ ತಲೆ ಆನಿಸಿಕೊಂಡೇ. "ಒಣಹುಲ್ಲು ಬೇರೆ ತಳ ಕಂಡಿದೆ."

"ಗಾವಲು ಹಾಳಾದ್ರೆ?"

"ಹಾಗಾದ್ರೆ ನೀನೇ ಹೇಳು ಹೋಗು."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾವಾಗಲೂ ಸೊಸೆಯ ಪಾಲಿಗೇ ಬರುತ್ತದಲ್ಲ ಎಂದು ಅವಳಿಗೆ ರೇಗಿತು. ಹಾಲಿನ ಕ್ಯಾನು ಹಿಡಿದು ಹೊರಬಂದಾಗ ಮಾವ ಅಂಗಳದಲ್ಲಿ ನಿಂತು ಬೇಲಿಯ ಕಡೆ ಕರುವನ್ನು ಕರೆಯುವಂತೆ ಲೊಚಗುಟ್ಟುತ್ತಿದ್ದರು. "ಬಿಳಿ ಕರು ಹೊರಗೇ ಮಲಗಿದೆ ನೋಡಮ್ಮ, ಒಳಗೆ ಹೊಡಿ. ಥಂಡಿ ಹಿಡಿದೀತು."

ಬೇಲಿಯ ಬುಡದಲ್ಲಿ ಬಿದ್ದಿದ್ದದ್ದು ಹಿಂಡಿಯ ಖಾಲಿ ಬಿಳಿ ಚೀಲ. ಅವಳು ಮಾವನ ಕಣ್ಣುಗಳನ್ನೇ ನೋಡಿದಳು. "ಹೂಂ ಮಾವ, ಹೊಡೀತೀನಿ," ಎಂದು ಹೋಗಿ, ಚೀಲವನ್ನು ಸದ್ದಾಗದಂತೆ ಮಡಚಿ ಕಂಕುಳಲ್ಲಿಟ್ಟುಕೊಂಡಳು. ರೇಗಿದ್ದೆಲ್ಲ ಇಳಿದುಹೋಗಿತ್ತು.

ಬೆಳಿಗ್ಗೆ ಹಸುಗಳು ಗೇಟಿನೆದುರು ಒಂದನ್ನೊಂದು ನೂಕುತ್ತ ನಿಂತಿದ್ದವು. ಗಂಡ ಹಿಂದೆ ಕೋಲು ಹಿಡಿದಿದ್ದ. ಮಾವನ ಕೈ ಚಿಲಕದ ಮೇಲಿತ್ತು.

"ಮಾವ, ಒಂದ್ಸಲ ನಡುವಿನ ತನಕ ಹೋಗಿ ಬರೋಣ."

"ನಿನ್ನೆ ನೋಡಿದೆನಲ್ಲ."

"ನೋಡಿದ್ರಿ. ನನಗೆ ಸಮಾಧಾನ ಆಗ್ಲಿಲ್ಲ."

ಗಂಡ ಕೆಮ್ಮಿದ. ಮಾವನ ಮುಖ ಕೆಂಪಾಯಿತು. "ನೀನು ಹುಟ್ಟೋಕೆ ಮುಂಚಿನಿಂದ ಈ ಗೇಟು ತೆಗೀತಿದೀನಿ. ನನಗೇ ಹುಲ್ಲಿನ ಪಾಠ ಹೇಳ್ಕೊಡ್ತೀಯಾ?"

ಅವಳು ಗೇಟನ್ನು ಒಂದಾಳು ನುಸುಳುವಷ್ಟು ಮಾತ್ರ ಸರಿಸಿ, ಅವರ ಮೊಣಕೈ ಹಿಡಿದಳು. ಅವರು ಕೊಡವಿಕೊಳ್ಳಲಿಲ್ಲ. ಹೆಜ್ಜೆ ಇಡುವ ಮುನ್ನ ಬೂಟಿನ ತುದಿಯಿಂದ ನೆಲವನ್ನು ತಡವುತ್ತಿದ್ದರು. ದಿಬ್ಬದ ಮೇಲೆ ನಿಂತಾಗ ಹೇಳಿಸಿಕೊಳ್ಳದೆ ಕೂತು ಮುಷ್ಟಿ ಊರಿದರು. ಹೆಬ್ಬೆರಳು ಬೋಳಾಗಿ ನಿಂತಿತ್ತು. ಸರಿದು ಇನ್ನೊಂದು ಕಡೆ ಊರಿದರು, ಮತ್ತೊಂದು ಕಡೆ.

"ಗೇಟಿನ ಹತ್ತಿರ ಇದ್ದದ್ದು?"

"ನಾನು ಎರಚಿದ ಬೀಜ, ಮಾವ. ಕೆಸರಾಗಿತ್ತಲ್ಲ."

"ನಿನ್ನೆ ಯಾಕೆ ಹೇಳಲಿಲ್ಲ?"

"ಧೈರ್ಯ ಬರಲಿಲ್ಲ."

ಮಾವ ಕೈಗೆ ಮೆತ್ತಿದ ಮಣ್ಣನ್ನು ಉಜ್ಜಿಕೊಂಡರು. "ನನ್ನ ಕಣ್ಣಿನ ವಿಷಯ ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ."

"ನನಗೆ ಹೋದ ಚಳಿಗಾಲದಿಂದಲೂ ಗೊತ್ತು," ಎಂದರು. "ಹೇಳಿದ್ರೆ ಗಾವಲು ಉಳುಮೆ ಮಾಡಿಬಿಡ್ತೀರಿ ಅಂತ ಭಯ. ಮುದುಕನಿಗೆ ಕಾಣೋದಿಲ್ಲ, ಇನ್ನು ಕಾಯೋರು ಯಾರು ಅಂತ." ಆಮೇಲೆ ನಕ್ಕರು. "ಉಳಿಸೋಕೆ ಹೋಗಿ ನಾನೇ ಕೊಲ್ತಿದ್ದೆ."

ಮಾವ ಗೇಟಿನ ಕಡೆ ತಿರುಗಿ, "ದನ ಕೊಟ್ಟಿಗೆಗೆ ಹೊಡಿಯೋ!" ಎಂದು ಮಗನಿಗೆ ಕೂಗಿದರು.

"ಮೇವಿಗೇನು ಮಾಡೋದಪ್ಪಾ?"

"ಎಲ್ಲಾದ್ರೂ ತಾ. ಹುಲ್ಲು ಇನ್ನೂ ಬಂದಿಲ್ಲ."

ಅವಳು ಕೈ ಕೊಟ್ಟಳು. ಅವರು ಎದ್ದರು, ಆದರೆ ಗೇಟಿನ ಕಡೆ ಹೊರಡಲಿಲ್ಲ. ಅವಳ ಭುಜ ಹಿಡಿದು ಗಾವಲಿನ ಕೆಳತುದಿಯ ಕಡೆಗೆ ತಿರುಗಿಸಿದರು. ಮಗ ನೋಡುತ್ತಿದ್ದಾನೆಂಬುದರ ಪರಿವೆ ಅವರಿಗಿದ್ದಂತಿರಲಿಲ್ಲ.

"ಪೂರ್ತಿ ಒಂದು ಸುತ್ತು ಹಾಕೋಣ. ಏನೇನು ಕಾಣುತ್ತೋ ಹೇಳ್ತಾ ನಡಿ."

"ಕೆಳಗಡೆ ಸ್ವಲ್ಪ ನೀರು ನಿಂತಿದೆ. ಬೇಲಿ ಪಕ್ಕ ಕಳೆ ಇಲ್ಲ. ಆಚೆಗೆಲ್ಲ ಹಸಿರು."

"ಎಂಥ ಹಸಿರು?"

ಅವಳು ನಿಂತು ಮತ್ತೊಮ್ಮೆ ನೋಡಿದಳು. ಭುಜದ ಮೇಲಿನ ಕೈ ಕಾಯುತ್ತಿತ್ತು.