ಐದನೇ ಟೇಕಿನ ಉಸಿರು

ಪೆಟ್ಟಿಗೆಯ ಮೇಲಿನ ಅಕ್ಷರ ಅಪ್ಪನದು. ‘ಸಾವು, ಹಾಸಿಗೆ. ಟೇಕ್ ಒಂದರಿಂದ ಐದು. ಕೊನೆಗೆ ಮೌನ, ಒಂದು ನಿಮಿಷ.’

ನಾನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹಳೆಯ ಟೇಪು ಸುರುಳಿಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ಪದವಿ ಮುಗಿಸಿ ಈ ಕತ್ತಲೆ ಕೋಣೆ ಹಿಡಿದೆಯಲ್ಲ ಎಂದು ಅಮ್ಮ ಕೊರಗುತ್ತಾಳೆ. ನನಗೆ ಇಷ್ಟ. ಇಲ್ಲಿ ಯಾರೂ ನನ್ನಿಂದ ಮಾತು ಬಯಸುವುದಿಲ್ಲ. ಆ ವಾರ ಮುಚ್ಚಿಹೋದ ಸ್ಟುಡಿಯೋ ಒಂದರಿಂದ ನಲವತ್ತು ಪೆಟ್ಟಿಗೆ ಬಂದಿದ್ದವು. ಇದು ಹದಿನೇಳನೆಯದು.

ಅಪ್ಪ ಧ್ವನಿಮುದ್ರಕರಾಗಿದ್ದರು. ಇಪ್ಪತ್ತಾರು ವರ್ಷದ ಹಿಂದೆ, ಬರೀ ಸಾವುಗಳನ್ನೇ ತೋರಿಸುವ ಸಾಕ್ಷ್ಯಚಿತ್ರವೊಂದಕ್ಕೆ ಕೆಲಸ ಮಾಡಿದ್ದರು. ‘ಇದರಲ್ಲಿರುವ ಪ್ರತಿಯೊಂದು ಸಾವೂ ನಿಜ’ ಎಂಬ ಸಾಲಿನಿಂದಲೇ ಅದು ಶುರುವಾಗುತ್ತದೆ. ಜನ ಬೆರಳ ಸಂದಿಯಿಂದ ನೋಡಿದ ಚಿತ್ರ. ಅಕ್ಕ ನೋಡಿದ್ದು ನರ್ಸಿಂಗ್ ಓದುವಾಗ, ಹಾಸ್ಟೆಲಿನ ಗೆಳತಿಯರ ಜೊತೆ. ಒಂದು ದೃಶ್ಯದಲ್ಲಿ ಮುದುಕನೊಬ್ಬ ಮಂಚದ ಮೇಲೆ ಕೊನೆಯುಸಿರು ಎಳೆಯುತ್ತಾನೆ. ಉಸಿರು ಬರುತ್ತದೆ, ನಿಲ್ಲುತ್ತದೆ, ಮುಗಿದೇಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಕೊನೆಯಲ್ಲಿ ಪರದೆಯ ಮೇಲೆ ಅಪ್ಪನ ಹೆಸರು.

ಆ ಶನಿವಾರ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು, “ಆ ಅಜ್ಜ ನಿಜವಾಗ್ಲೂ ಸತ್ತರಾ ಅಪ್ಪಾ?”

“ಅದನ್ನ ಕೇಳಬೇಡ,” ಅಂದರು ಅಪ್ಪ.

“ಸಾಯ್ತಾ ಇರೋರ ಬಾಯಿಗೆ ನೀರು ಬಿಡೋದು ಬಿಟ್ಟು ಮೈಕು ಹಿಡಿದ್ರಾ?”

ಅಪ್ಪ ಎದ್ದು ಒಳಗೆ ಹೋದರು. ಅಕ್ಕ ಅವರೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಅಮ್ಮನನ್ನು ಬಸ್ ನಿಲ್ದಾಣದಲ್ಲಿ ಭೇಟಿಯಾಗುತ್ತಾಳೆ, ನನಗೆ ಫೋನ್ ಮಾಡುತ್ತಾಳೆ, ಮನೆಗೆ ಮಾತ್ರ ಬರುವುದಿಲ್ಲ. ಅದೆಲ್ಲ ನಾಟಕವಿರಬಹುದು ಎಂದು ನಾನಂದಾಗಲೆಲ್ಲ ಒಂದೇ ಉತ್ತರ: “ಆ ಉಸಿರು ನಾಟಕ ಅಲ್ಲ ಕಣೋ. ಅದನ್ನ ನಾನು ಎಲ್ಲೋ ಕೇಳಿದ್ದೀನಿ.” ಎಲ್ಲೋ ಎಂದರೆ ವಾರ್ಡಿನಲ್ಲಿ ಎಂದುಕೊಂಡಿದ್ದೆ.

ಸುರುಳಿಯನ್ನು ಯಂತ್ರಕ್ಕೆ ಏರಿಸಿದೆ, ಆದರೆ ಗುಂಡಿ ಒತ್ತಲು ಕೈ ಬರಲಿಲ್ಲ. ತನ್ನಪ್ಪ ಮೋಸಗಾರನಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ ಮಗ ನಾನೊಬ್ಬನೇ ಇರಬೇಕು. ಆ ಸಾವು ನಿಜವೇ ಆಗಿದ್ದರೆ, ಅವರ ಎದುರು ಕೂತು ಊಟ ಮಾಡುವುದು ನನ್ನಿಂದಲೂ ಆಗುತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

ಬೆಳಗಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಳು. ಪೆಟ್ಟಿಗೆಯ ಮೇಲಿನ ಅಕ್ಷರವನ್ನು ನೋಡಿದಳು. “ಕೊನೆಗೆ ಮೌನ ಅಂದ್ರೇನು?”

“ಒಂದೊಂದು ಕೋಣೆಯ ಮೌನ ಒಂದೊಂದು ಥರ ಇರುತ್ತೆ. ಚಿತ್ರದಲ್ಲಿ ಎಲ್ಲಾದ್ರೂ ಸದ್ದು ತಪ್ಪಿದ್ರೆ ಅದೇ ಕೋಣೆಯ ಮೌನ ತಂದು ತುಂಬ್ತಾರೆ. ಅದಕ್ಕೆ ಕೆಲಸ ಮುಗಿದ ಮೇಲೆ ಎಲ್ಲರನ್ನೂ ಸುಮ್ನೆ ಕೂರಿಸಿ ಒಂದು ನಿಮಿಷ ರೆಕಾರ್ಡ್ ಮಾಡ್ಕೋತಾರೆ.”

“ನಮ್ಮನೇಲಿ ಹನ್ನೊಂದು ವರ್ಷದ್ದಿದೆ, ಬೇಕಾದ್ರೆ ತಗೊಂಡು ಹೋಗೋಕೆ ಹೇಳು,” ಅಂದಳು. ಹೆಡ್‌ಫೋನ್ ಬೇಡವೆಂದು ಸ್ಪೀಕರ್ ಹಾಕಿಸಿದಳು. ಗುಂಡಿಯನ್ನೂ ಅವಳೇ ಒತ್ತಿದಳು.

“ಟೇಕ್ ಒಂದು.” ಅಪ್ಪನ ದನಿ, ಎಳೆಯದು. ಆಮೇಲೆ ಒಂದು ಉಸಿರು, ಇನ್ನೊಂದು. ಯಾರೋ ನಕ್ಕರು. “ಇದು ಗೊರಕೆ ಥರ ಇದೆ ಸ್ವಾಮಿ.” ಎರಡನೆಯದರಲ್ಲಿ ಕೆಮ್ಮು. ನಾಲ್ಕನೆಯದರ ನಡುವೆ ಮುದುಕರೊಬ್ಬರು, ಬಹುಶಃ ಮಂಚದ ಮೇಲಿದ್ದವರೇ, “ಬೇಗ ಸಾಯಪ್ಪಾ ಮಹಾರಾಯ, ನನ್ನ ಟೀ ಆರ್ತಿದೆ,” ಎಂದರು.

“ನೀವು ಸುಮ್ನೆ ಮಲಗಿ. ಸಾಯೋ ಕೆಲಸ ನಂದು,” ಎಂದರು ಅಪ್ಪ.

ಅಕ್ಕ ನನ್ನ ಮುಖ ನೋಡಿದಳು. ಮೈಕು ಇದ್ದದ್ದು ಅಪ್ಪನ ಬಾಯಿಯ ಮುಂದೆ.

ಐದನೆಯದರಲ್ಲಿ ಯಾರೂ ನಗಲಿಲ್ಲ. ಉಸಿರು ಬಂತು, ನಿಂತಿತು, ಮತ್ತೆ ಬಂತು. ಅಕ್ಕನ ಬೆರಳು ಅಭ್ಯಾಸಬಲದಿಂದ ತನ್ನದೇ ಮಣಿಕಟ್ಟಿನ ಮೇಲಿತ್ತು. ಕೊನೆಯ ಉಸಿರಾದ ಮೇಲೆ ಒಬ್ಬರು ಮೆಲ್ಲಗೆ ಕೇಳಿದರು, “ಇದನ್ನೆಲ್ಲಿ ಕಲಿತ್ರಿ?”

“ಹೋದ ತಿಂಗಳು ಅಮ್ಮ ಹೋದ್ರು. ಎರಡು ದಿನ ಪಕ್ಕದಲ್ಲೇ ಕೂತಿದ್ದೆ.” ಆಮೇಲೆ, “ಒಂದು ನಿಮಿಷ ಯಾರೂ ಮಾತಾಡಬೇಡಿ. ಮೌನ ತಗೋಬೇಕು.”

ಗಡಿಯಾರದ ಟಿಕ್ ಟಿಕ್. ಕುರ್ಚಿಯೊಂದರ ಕಿರುಗುಟ್ಟು. ಮೈಕಿಗೆ ತೀರ ಹತ್ತಿರದಲ್ಲಿ ಯಾರೋ ಎರಡು ಸಲ ಮೂಗೆಳೆದುಕೊಂಡ ಸದ್ದು. ಅಪ್ಪನಂಥ ಕೆಲಸಗಾರ ಆ ಮೌನವನ್ನು ಇನ್ನೊಮ್ಮೆ ತೆಗೆಯಬೇಕಿತ್ತು. ತೆಗೆದಿರಲಿಲ್ಲ.

ಸುರುಳಿ ಮುಗಿದು ಸುಮ್ಮನೆ ತಿರುಗುತ್ತಿತ್ತು. “ನನಗಾಗ ಏಳು ವರ್ಷ,” ಅಂದಳು ಅಕ್ಕ. “ಮಕ್ಕಳು ನೋಡಬಾರದು ಅಂತ ಅಪ್ಪ ನನ್ನ ಅಜ್ಜಿಯ ಕೋಣೆಯಿಂದ ಹೊರಗೆ ಕಳಿಸಿದ್ರು. ಬಾಗಿಲ ಸಂದಿಯಿಂದ ಕೇಳ್ತಾನೇ ಇತ್ತು ಕಣೋ ಇದು.” ಮುಖ ಒರೆಸಿಕೊಂಡು ಎದ್ದಳು. “ಮನೇಲಿದ್ದಾರಾ?”

ಅಪ್ಪ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದರು. ಅಕ್ಕ ಹೊಸ್ತಿಲಲ್ಲೇ ನಿಂತಳು. ಅಪ್ಪನ ಕೈಯಲ್ಲಿನ ಸಿಪ್ಪೆ ಕೈಯಲ್ಲೇ ಉಳಿಯಿತು.

“ಅಪ್ಪಾ, ನಾಲ್ಕನೇ ಟೇಕಲ್ಲಿ ಉಸಿರು ಬೇಗ ಎಳೆದಿದ್ರಿ.”

ಅಪ್ಪ ನನ್ನತ್ತ ನೋಡಿದರು, ಮತ್ತೆ ಅವಳತ್ತ. “ಗೊತ್ತು. ಅದಕ್ಕೇ ಐದನೇದು ಮಾಡಿದ್ದು.”

“ಸುಳ್ಳು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ಅದು ಯಾರ ಉಸಿರು ಅಂತಾನೂ ಹೇಳಬೇಕಿತ್ತು. ಹೆತ್ತ ತಾಯಿಯ ಕೊನೆಯುಸಿರನ್ನ ಸಿನಿಮಾಕ್ಕೆ ಹಾಕಿದ ಮಗ ಅಂತ ನಿನ್ನ ಬಾಯಲ್ಲಿ ಕೇಳೋ ಧೈರ್ಯ ಇರಲಿಲ್ಲ. ಸಾಯೋರ ಮುಂದೆ ಮೈಕು ಹಿಡಿದವನು ಅನ್ನಿಸಿಕೊಳ್ಳೋದೇ ವಾಸಿ ಅನ್ನಿಸ್ತು.”

ಒಳಗಿನಿಂದ ಅಮ್ಮನ ಸದ್ದೇ ಇರಲಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದಾಳೆಂದು ನನಗೆ ಗೊತ್ತಿತ್ತು.

“ಅಜ್ಜಿ ಕೊನೆಗೆ ಏನಾದ್ರೂ ಅಂದ್ರಾ?” ಅಕ್ಕ ಕೇಳಿದಳು.

ಅಪ್ಪ ಸಿಪ್ಪೆಯನ್ನು ಕೆಳಗಿಟ್ಟರು. “ನಿನ್ನ ಕೇಳಿದ್ರು. ಮಗೂನ ಯಾಕೆ ಹೊರಗೆ ನಿಲ್ಲಿಸಿದ್ದೀರಿ, ಒಳಗೆ ಕರೀರಿ ಅಂದ್ರು. ನಾನು ಕರೀಲಿಲ್ಲ.”

ಆಮೇಲೆ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಜಾಗ ಮಾಡಿದರು.

“ಒಳಗೆ ಬಾಮ್ಮಾ,” ಅಂದರು.

ಅಕ್ಕ ಚಪ್ಪಲಿ ಬಿಟ್ಟಳು.