ಪೇಪರದಾಗ ಬರೂತನಾ

ಶೇವಂತೆವ್ವ ಕಾರಿನ ಬಾಗಿಲನ್ನು ಧಡಾರನೆ ಹಾಕಿದಳು. ಹಾಕಿ, ತಾನು ಹೊರಗೇ ನಿಂತಳು. ಸ್ಟೀರಿಂಗ್ ಹಿಡಿದು ಕೂತಿದ್ದ ರಾಜಶೇಖರ ಗಾಜು ಇಳಿಸಿ, ಅತ್ತು ಅತ್ತು ಕೆಂಪಗಾದ ಕಣ್ಣುಗಳನ್ನು ಅವಳಿಗೆ ತೋರಿಸಿದ.

"ಅತ್ತಿ, ಖರೇನ ಹೇಳತೇನಿ. ಅಪ್ಪಾ ಹೋದ. ಇವತ್ತ ಮುಂಜಾನೆ ಹೋದ. ನಿನ್ನ ಕರಕೊಂಡು ಹೋಗಾಕಂತನ ಬಂದೇನಿ."

"ಪೇಪರದಾಗ ಬಂದೈತೇನು?"

"ಮುಂಜಾನೆ ಹೋದಾವ್ರ ಸುದ್ದಿ ಮುಂಜಾನಿ ಪೇಪರದಾಗ ಹೆಂಗ ಬರತೈತಿ ಅತ್ತಿ?"

"ಹಂಗಾರ ಬಂದ ಮ್ಯಾಲ ಬಾ."

ರಾಜಶೇಖರ ಕೆಳಗಿಳಿದು ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಕೆಲಗೇರಿಯ ಮನೆಯ ಪಡಸಾಲೆಯಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ವಿಡಿಯೋದಲ್ಲಿ ಹೆಂಗಸರ ಅಳು ಕೇಳುತ್ತಿತ್ತು. ಶೇವಂತೆವ್ವ ಅರೆಗಳಿಗೆ ನೋಡಿ ಮುಖ ಆಚೆ ತಿರುಗಿಸಿದಳು.

"ಕಣ್ಣ ಮುಚ್ಚಿ ಕುಂತಾವ್ರೆಲ್ಲಾ ಸತ್ತಂಗೇನು? ನನ್ನ ತಮ್ಮ ದಿನಾ ಉಂಡ ಮ್ಯಾಲ ಹಿಂಗ ಕುಂತ ಕಣ್ಣ ಮುಚ್ಚತಾನ. ಹಾರಾ ಹಾಕಿದ್ದೂ ನೋಡೇನಿ, ಅಳೂದೂ ಕೇಳೇನಿ. ಒಮ್ಮೆ ಆದದ್ದು ಸಾಕು."

ಬಡಿಗೆ ಊರುತ್ತ ಒಳಗೆ ಹೋದವಳು ಬಾಗಿಲಿಗೆ ಚಿಲಕ ಹಾಕಿಕೊಂಡಳು. ಹೆಬ್ಬಳ್ಳಿಯ ಆ ಓಣಿಯಲ್ಲಿ ನೆರೆದಿದ್ದ ನಾಲ್ಕು ಮಂದಿ ರಾಜಶೇಖರನ ಮುಖ ನೋಡಿದರು. ಅವರಿಗೂ ಹಳೆಯ ಕತೆ ಗೊತ್ತಿತ್ತು. ಹಾಗಾಗಿ ಯಾರೂ ಮುದುಕಿಗೆ ಬುದ್ಧಿ ಹೇಳಲು ಹೋಗಲಿಲ್ಲ.

*

ಮೂರು ವರ್ಷದ ಹಿಂದೆ ರಾಜಶೇಖರನ ಅಪ್ಪ ಕುಬೇರಪ್ಪ ಒಂದು ಸಲ ಸತ್ತಿದ್ದ. ಅದು ಅವನ ಹುಟ್ಟುಹಬ್ಬದ ದಿನ.

ಧಾರವಾಡದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟು ಜೀವನವಿಡೀ ತಕ್ಕಡಿ ಹಿಡಿದವನು ಕುಬೇರಪ್ಪ. ಮಂಡಿ ನೋವು ಶುರುವಾದ ಮೇಲೆ ಅಂಗಡಿಯನ್ನು ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತಿದ್ದ. ಎಪ್ಪತ್ತೈದು ತುಂಬಿತೆಂದು ರಾಜಶೇಖರ ಅವನಿಗೆ ದೊಡ್ಡದೊಂದು ಹಾರ ಹಾಕಿ, ಫೋಟೋ ಹೊಡೆದು, ಅಂಗಡಿಗೆ ಹೋದ ಮೇಲೆ ಬಳಗದ ವಾಟ್ಸ್ಯಾಪ್ ಗುಂಪಿಗೆ ಬಿಟ್ಟ. ಕೆಳಗೆ ಎರಡು ಸಾಲು ಬರೆಯಬೇಕು ಅನ್ನುವಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು. ಹಾರ ಹಾಕಿಕೊಂಡ ಮುದುಕನನ್ನು ಮೊದಲು ನೋಡಿದವರು ಗದಗಿನ ಬೀಗರು. ಅವರು ಕೈಮುಗಿದು 'ಓಂ ಶಾಂತಿ' ಎಂದರು. ಅವರ ಹಿಂದೆ ಇಡೀ ಬಳಗವೇ ಸಾಲುಗಟ್ಟಿ ಶಾಂತಿ ಕೋರಿತು. ಏನಾಗಿತ್ತು, ಯಾವಾಗ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಯಾರೋ ಹೆಬ್ಬಳ್ಳಿಗೆ ಫೋನ್ ಮಾಡಿ ಅಕ್ಕನಿಗೂ ತಿಳಿಸಿಬಿಟ್ಟರು.

ಶೇವಂತೆವ್ವ ಟೆಂಪೋದಲ್ಲಿ ಎದೆ ಬಡಿದುಕೊಂಡು ಅಳುತ್ತ ಬಂದಳು. ಅವಳ ಅಳು ನೋಡಲಾಗದೆ ಗುರುತಿಲ್ಲದವರೂ ಅತ್ತರಂತೆ. ಕೆಲಗೇರಿಯ ಮನೆಯ ಮೆಟ್ಟಿಲು ಹತ್ತುವಾಗ ಬಾಗಿಲು ತೆರೆದವನು ಕುಬೇರಪ್ಪನೇ. ಮೈಮೇಲೆ ಬನಿಯನ್ನು, ಕೈಯಲ್ಲಿ ಚಹದ ಬಟ್ಟಲು. "ಯಾಕ ಅಕ್ಕಾ, ಯಾರು ಹೋದ್ರು?" ಎಂದು ಅವನು ಗಾಬರಿಯಿಂದ ಕೇಳಿದ. ಅವಳು ಅಲ್ಲೇ ಕುಸಿದಳು. ಕಾಲು ಮುರಿಯಿತು.

ಸಂಜೆಯೊಳಗೆ ಎಲ್ಲರೂ ತಮ್ಮ ತಮ್ಮ 'ಓಂ ಶಾಂತಿ'ಯನ್ನು ಗುಂಪಿನಿಂದ ಅಳಿಸಿಕೊಂಡರು. ಶೇವಂತೆವ್ವನ ಕಾಲನ್ನು ಹಾಗೆ ಸರಿಮಾಡುವಂತಿರಲಿಲ್ಲ. ಸತ್ತ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚಾಗುತ್ತದೆ ಎಂದು ಬಂಧುಗಳು ನಕ್ಕರು. ಅವಳು ನಗಲಿಲ್ಲ. ಆ ವರ್ಷವೇ ಕುಬೇರಪ್ಪನಿಗೆ ಹೃದಯದ ತೊಂದರೆ ಕಾಣಿಸಿಕೊಂಡಾಗ ಅವಳ ಸಂಶಯ ಗಟ್ಟಿಯಾಯಿತು.

"ಇದ್ದಾಂವನ ಮ್ಯಾಲ ಎದಿ ಬಡಕೊಂಡು ಅತ್ತೇನಿ. ಅವನ ಆಯುಷ್ಯಾ ನನ್ನ ಕಣ್ಣೀರಿನ್ಯಾಗ ಹೋತು," ಎಂದು ಊಟ ಬಿಟ್ಟಳು.

ಅದನ್ನು ತಿಳಿದ ಕುಬೇರಪ್ಪ, ಆಸ್ಪತ್ರೆಯಿಂದ ಬಂದ ವಾರದಲ್ಲೇ, ಮಗಳು ಭಾಗ್ಯಶ್ರೀಯನ್ನು ಕರೆದುಕೊಂಡು ಹೆಬ್ಬಳ್ಳಿಗೆ ಹೋದ. ಅಕ್ಕನ ಎದುರು ಕೂತು ಹೇಳಿದ:

"ಅಕ್ಕಾ, ಇನ್ನ ಮ್ಯಾಲ ಯಾರ ಫೋನ್ ಬಂದ್ರೂ ನಂಬಬ್ಯಾಡ. ನಿನ್ನ ಮನಿಗೆ ನಾಳಿಂದ ಪೇಪರ್ ಬರತೈತಿ, ನಾ ಹೇಳೇನಿ. ನಾ ಹೋದ್ರ ಅದರಾಗ ಫೋಟೋ ಬರತೈತಿ. ಪೇಪರದಾಗ ಬರೂತನಾ ನಾ ಅದೇನಿ ಅಂತ ತಿಳಿ. ಅಲ್ಲೀತನಾ ಒಂದ ಹನಿ ಕಣ್ಣೀರ ಹಾಕಬ್ಯಾಡ."

"ನನಗ ಓದಾಕ ಬರೂದಿಲ್ಲಲ್ಲೋ."

"ನನ್ನ ಮಾರಿ ಗುರ್ತು ಹಿಡಿಯಾಕ ಬರತೈತಿಲ್ಲೋ?"

ಅಂದಿನಿಂದ ಶೇವಂತೆವ್ವ ಊರಿನ ಅತಿ ಶ್ರದ್ಧೆಯ ಪತ್ರಿಕಾ ಓದುಗಾರ್ತಿಯಾದಳು. ಸರಕಾರ ಬಿದ್ದರೂ ಎದ್ದರೂ ಅವಳಿಗೆ ಬೇಕಾಗಿರಲಿಲ್ಲ. ಪೇಪರು ಬಂದೊಡನೆ ನೆಟ್ಟಗೆ ನಾಲ್ಕನೆಯ ಪುಟಕ್ಕೆ ಹೋಗುವಳು. ನಿಧನದ ಫೋಟೋಗಳ ಕೆಳಗೆ ಬೆರಳಿಟ್ಟು ಒಂದೊಂದೇ ಮುಖ ನೋಡುವಳು. ಅಪರಿಚಿತರಿಗೆ ಅಯ್ಯೋ ಪಾಪ ಅನ್ನುವಳು. ತಮ್ಮ ಅಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ದಿನ ಹಗುರಾಗುತ್ತಿತ್ತು.

ಮೊಬೈಲಿನಲ್ಲೇ ದಿನಾ ಅಪ್ಪನ ಮುಖ ತೋರಿಸುತ್ತೇನೆಂದು ಭಾಗ್ಯಶ್ರೀ ಒಮ್ಮೆ ಹೇಳಿದ್ದಳು. ಅತ್ತೆ ಒಪ್ಪಲಿಲ್ಲ. "ಅದರಾಗ ಬರದದ್ದು ಬರದಾವ್ರ ಅಳಸತಾರ. ಇದು ಹಂಗಲ್ಲವಾ. ನಾಕ ಮಂದಿ ಕುಂತು ವಿಚಾರ ಮಾಡಿ ಅಚ್ಚ ಹಾಕಿರತಾರ. ನಾಳೆ ಇಲ್ಲ ಅನ್ನಾಕ ಬರೂದಿಲ್ಲ."

*

ಖಾಲಿ ಕಾರು ಕೆಲಗೇರಿಗೆ ಮರಳಿದಾಗ ಅಂಗಳ ತುಂಬಿತ್ತು. ಕುಬೇರಪ್ಪನ ಚಿಕ್ಕಪ್ಪನ ಮಗ ಗುರುಪಾದ ಹಿರಿತನ ವಹಿಸಿಕೊಂಡು ಓಡಾಡುತ್ತಿದ್ದ. ಮಣ್ಣು ಎಷ್ಟೊತ್ತಿಗೆ ಎಂದು ಬಂದವರೆಲ್ಲ ಅವನನ್ನೇ ಕೇಳುತ್ತಿದ್ದರು.

"ಹೊತ್ತು ಮುಣುಗೂದ್ರೊಳಗ ಮುಗಿಸೋಣು. ಮುದಿಕಿ ಹಟಕ್ಕ ಹೆಣಾ ಇಟಗೊಂಡು ಕುಂದ್ರೂದೇನು?" ಎಂದ ಗುರುಪಾದ.

ಭಾಗ್ಯಶ್ರೀ ಅಪ್ಪನ ಪಕ್ಕದಿಂದ ಎದ್ದು ಬಂದಳು. 

"ಕಾಕಾ, ಅತ್ತಿ ನಾಳೆ ಪೇಪರ್ ನೋಡಿ ಬಂದೇ ಬರತಾಳ. ಬಂದಾಗ ಇಲ್ಲಿ ಬರೇ ಮಣ್ಣಿನ ಗುಡ್ಡಿ ಇದ್ರ ಆಕಿಗೆ ಏನ ಹೇಳೂದ್ರಿ? ಇದ್ದಾಂವನ ಸಲುವಾಗಿ ಅತ್ತಾಕಿ ಆಕಿ. ಸತ್ತಾಂವನ ನೋಡಿ ಅಳಾಕ ಬಿಡೂದಿಲ್ಲಂದ್ರ ಹೆಂಗ? ಮಾತು ಕೊಟ್ಟಾಂವ ಅಪ್ಪಾ. ಮುರಿಯಾಕ ನಾವ್ಯಾರು?"

ಗುರುಪಾದ ಟೋಪಿ ತೆಗೆದು ತಲೆ ಕೆರೆದುಕೊಂಡ. ಮಾರ್ಗಶಿರದ ಚಳಿ ಇತ್ತು, ಒಂದು ರಾತ್ರಿ ಇಡಬಹುದಿತ್ತು. "ಭಜನಿಯವ್ರಿಗೆ ಹೇಳ್ರಪಾ, ಬೆಳಗಾಗೂತನಾ ಹಾಡಬೇಕಾಗತೈತಿ. ಆದ್ರ ಭಾಗ್ಯಾ, ನಾಳೆ ಪೂಜಾಕ್ಕ ಅಯ್ಯನವರು ಬಂದ ಮ್ಯಾಲ ಗಳಿಗಿ ಹೊತ್ತೂ ತಡಿಯೂದಿಲ್ಲ, ನೋಡು."

ಅಣ್ಣತಂಗಿ ಇಬ್ಬರೂ ಜಾಹೀರಾತಿನ ಏಜೆನ್ಸಿಗೆ ಓಡಿದರು. ಕಂಪ್ಯೂಟರಿನ ಮುಂದೆ ಕೂತಿದ್ದ ಅಲ್ಫಿಯಾ ಸಾವಿನ ಮನೆಯವರೊಡನೆ ಮಾತಾಡಿ ಅಭ್ಯಾಸವಿದ್ದವಳು, ಮೊದಲು ನೀರು ಕೊಟ್ಟಳು.

"ಹಳ್ಳಿಗೆ ಹೋಗೂ ಪೇಪರ್ ಮೊದಲ ಅಚ್ಚಾಗತಾವ್ರಿ. ಈಗ ಕೊಟ್ರ ಹೆಬ್ಬಳ್ಳಿಗೂ ಬರತೈತಿ. ಕತ್ತಲಾದ್ರ ಸಿಟಿಗಷ್ಟ. ಫೋಟೋ ಕೊಡ್ರಿ ಲಗೂ."

ಫೋಟೋ! ರಾಜಶೇಖರನ ಮೊಬೈಲಿನಲ್ಲಿ ಅಪ್ಪನ ಚೊಕ್ಕ ಫೋಟೋ ಅಂತ ಇದ್ದದ್ದು ಆ ಹುಟ್ಟುಹಬ್ಬದ್ದೊಂದೇ. ಅದನ್ನು ಕಂಡೊಡನೆ ಭಾಗ್ಯಶ್ರೀ ಅಣ್ಣನ ಕೈ ಹಿಡಿದಳು. ಅದು ಬಂದರೆ ಅತ್ತೆ ಪೇಪರನ್ನೂ ನಂಬುವುದು ಬಿಡುತ್ತಾಳೆ. ಮತ್ತೊಂದರಲ್ಲಿ ಮೀಸೆ ಕಪ್ಪಗಿತ್ತು, ಆಧಾರ್ ಕಾರ್ಡಿನ ಮುಖವನ್ನು ಹೆತ್ತ ತಾಯಿಯೂ ಗುರುತಿಸುವಂತಿರಲಿಲ್ಲ. ಕೊನೆಗೆ ಕಳೆದ ವರ್ಷ ಬ್ಯಾಂಕಿಗೆಂದು ತೆಗೆಸಿದ್ದು ಸಿಕ್ಕಿತು. ಬಿಳಿ ಮೀಸೆ, ಒಂದು ಕಿವಿ ಸ್ವಲ್ಪ ಮುಂದೆ, ಯಾರನ್ನೋ ಬೈಯಲು ಹೊರಟಂಥ ಹುಬ್ಬು. ಅದೇ ಅಪ್ಪ.

"ಏನ ಬರೀಬೇಕ್ರಿ?" ಅಲ್ಫಿಯಾ ಕೇಳಿದಳು.

"ಏನರೆ ಬರೀರಿ. ಓದಾವ್ರಿಗಲ್ಲ ಇದು. ಮಾರಿ ದೊಡ್ಡದಾಗಿ ಬರಲಿ," ಎಂದಳು ಭಾಗ್ಯಶ್ರೀ.

"ಬಳಗದಾವ್ರ ಹೆಸರು ಬಿಟ್ಟೀರಿ ಅಂತ ಬಂದು ಜಗಳಾ ತಗೀತಾರ ಎಲ್ಲಾರೂ. ಮಾರಿ ಒಂದ ಸಾಕು ಅಂದಾವ್ರು ನೀವ ಮೊದಲ್ನೇದಾವ್ರು ನೋಡ್ರಿ," ಎಂದ ಅಲ್ಫಿಯಾ ಫೋಟೋವನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿದಳು.

*

ಬೆಳಗಿನ ಪೇಪರನ್ನು ರಾಜಶೇಖರ ಗೇಟಿನಲ್ಲೇ ಬಿಡಿಸಿದ. ನಾಲ್ಕನೆಯ ಪುಟ ತೆರೆದವನ ಮುಖ ಇಳಿದುಹೋಯಿತು. ಪುಟದ ತುಂಬ ಬಂಗಾರದ ಅಂಗಡಿಯ ಜಾಹೀರಾತು. ಒಬ್ಬ ಮದುಮಗಳು ಕೊರಳ ತುಂಬ ಸರ ಹಾಕಿಕೊಂಡು ನಗುತ್ತಿದ್ದಳು.

ಭಾಗ್ಯಶ್ರೀ ಅವನ ಕೈಯಿಂದ ಕಸಿದುಕೊಂಡು ಹಾಳೆ ತಿರುವಿದಳು. ಅಪ್ಪ ಒಂಬತ್ತನೆಯ ಪುಟದಲ್ಲಿದ್ದ. ಛಲೋ ಬಂದಿದ್ದ. ಆದರೆ ಅತ್ತೆಯ ಬೆರಳು ಮೂರು ವರ್ಷದಿಂದ ನಾಲ್ಕನೆಯ ಪುಟ ಬಿಟ್ಟು ಎಲ್ಲೂ ಹೋದದ್ದಿಲ್ಲ. ಅಲ್ಲಿ ಮದುಮಗಳನ್ನು ನೋಡಿ, ಇವತ್ತು ಯಾರೂ ಸತ್ತಿಲ್ಲ, ತಮ್ಮ ಆರಾಮಾಗಿದ್ದಾನೆ ಎಂದು ಅವಳು ಪೇಪರ್ ಮಡಚಿಟ್ಟಿರಬಹುದು. ಅದನ್ನು ನೆನೆದಾಗ ಭಾಗ್ಯಶ್ರೀಗೆ, ಅಪ್ಪ ಹೋದಾಗಲೂ ಆಗದಂಥ ಸಂಕಟವಾಯಿತು.

ಫೋನ್ ಮಾಡಿದರು. ನಿನ್ನೆಯಂತೆ ಇಂದೂ ಅತ್ತೆ ಎತ್ತಲಿಲ್ಲ. ಹೆಬ್ಬಳ್ಳಿಗೆ ಹೋಗಿ ಬರುತ್ತೇನೆಂದು ರಾಜಶೇಖರ ಕಾರಿನ ಕೀಲಿ ತೆಗೆದುಕೊಂಡ. ಅಷ್ಟರಲ್ಲಿ ಅಯ್ಯನವರು ಬಂದರು. ಕೆರೆಯ ಕಡೆಯ ಹೊಲದಲ್ಲಿ ಕುಣಿ ಸಿದ್ಧವಾಗಿದೆ ಎಂದು ಸುದ್ದಿ ಬಂತು. ಮಗನಿಲ್ಲದೆ ಪೂಜೆ ಶುರುವಾಗುವಂತಿಲ್ಲ, ಅವನು ಎಲ್ಲಿಗೂ ಹೋಗಕೂಡದು ಎಂದರು ಅಯ್ಯನವರು. ಗುರುಪಾದ ಭಾಗ್ಯಶ್ರೀಯ ಕಡೆ ನೋಡಿದ. ಮಾತಿಗೆ ತಪ್ಪಿದವನು ಅವನಲ್ಲ.

"ಕಾಕಾ, ಇನ್ನೊಂದ ಸ್ವಲ್ಪ," ಎಂದಳು.

"ಸ್ವಲ್ಪ ಸ್ವಲ್ಪ ಅಂತ ಒಂದಿನಾ ಆತು, ಭಾಗ್ಯಾ. ಎತ್ತೂದ ಇನ್ನ."

ಭಜನೆಯವರು ಎದ್ದು ನಿಂತರು. ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನವನ್ನು ಪಡಸಾಲೆಯ ಮೆಟ್ಟಿಲಿಗೆ ತಂದಿಟ್ಟರು. ನಾಲ್ವರು ಕುಬೇರಪ್ಪನ ಕಂಕುಳಿಗೆ ಕೈ ಹಾಕಿದರು. ಆಗ ಗೇಟಿನಾಚೆ ಯಾರೋ ಬಿಡದೆ ಹಾರ್ನ್ ಬಾರಿಸತೊಡಗಿದರು. ಹೆಬ್ಬಳ್ಳಿಗೆ ಪೇಪರ್ ಒಯ್ಯುವ ಹುಚ್ಚಪ್ಪನ ಆಟೋ ಅದು. ಹಿಂದಿನ ಸೀಟಿನಲ್ಲಿ, ಹಂಚದೆ ಉಳಿದ ಕಟ್ಟುಗಳ ನಡುವೆ, ಶೇವಂತೆವ್ವ.

"ನಾಕನೇ ಪುಟದಾಗ ಕಾಣಲಿಲ್ಲಂತ್ರಿ," ಹುಚ್ಚಪ್ಪ ಇಳಿಯುತ್ತಲೇ ಹೇಳಿದ. "ಪೇಪರ್ ಕೊಟ್ಟ ಮುಂದ ಹೊಂಟಿದ್ದೆ, ಕೂಗಿ ನಿಲ್ಲಿಸಿದ್ರು. ಸತ್ತಾವ್ರನ್ನ ಎಲ್ಲೆ ಒಯ್ದಿಟ್ಟೀಯೋ ಭಾಡ್ಯಾ ಅಂತ ನನ್ನ ಬೈದ್ರು. ಆಮ್ಯಾಲ ಕುಂತ ಒಂದೊಂದ ಹಾಳಿ ತಿರುವಿದ್ರಿ. ನೋಡಿದ್ರು, ಸುಮ್ನ ಬಂದ ಆಟೋದಾಗ ಕುಂತ್ರು. ಪೇಪರ್ ಹಂಚೂದೂ ಅರ್ಧಾ ಉಳದೈತಿ."

 ಭಾಗ್ಯಶ್ರೀ ಮೆಟ್ಟಿಲ ಮೇಲಿನ ಮಂದಿಯನ್ನು ಸರಿಸಿ ದಾರಿ ಮಾಡಿದಳು. ಸಾವಿನ ಮನೆಯಲ್ಲಿ ಇಷ್ಟು ಸಮಾಧಾನವಾಗಬಾರದು ಅನ್ನಿಸಿತು, ಆದರೂ ಆಯಿತು.

ಶೇವಂತೆವ್ವ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು. ಕಂಕುಳಿಗೆ ಹಾಕಿದ್ದ ಕೈಗಳು ತಾವಾಗಿ ಸರಿದವು. ತಮ್ಮನ ಎದುರು ಕೂತು ಪೇಪರು ಬಿಡಿಸಿದಳು. ಅಲ್ಲಿಯ ಮುಖ ನೋಡಿದಳು, ಇಲ್ಲಿಯ ಮುಖ ನೋಡಿದಳು. ಗಲ್ಲ ಮುಟ್ಟಿದಳು. ತಣ್ಣಗಿತ್ತು. 

"ಹೌದು. ಇಂವನ," ಎಂದಳು ಮೆಲ್ಲಗೆ. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡಳು. "ಈ ಸಲ ತಪ್ಪಿಲ್ಲೋ ತಮ್ಮಾ. ನೋಡೇ ಅಳಾಕತ್ತೇನಿ."

ಮೂರು ವರ್ಷ ತಡೆದಿಟ್ಟ ಅಳು ಅದು. ಟೆಂಪೋದ ಅಳುವಿಗಿಂತ ಸಣ್ಣ ದನಿಯದು, ಆದರೆ ಮುಗಿಯುವಂಥದಲ್ಲ. ಎಲ್ಲರೂ ಅತ್ತರು. ಅಯ್ಯನವರು ಗಡಿಯಾರ ನೋಡಿದಾಗ ಗುರುಪಾದನೇ ಅವರಿಗೆ ಖುರ್ಚಿ ಎಳೆದು ಹಾಕಿದ. "ಕುಂದರ್ರಿ ಅಜ್ಜಾರ. ಅಕ್ಕಾ ಅಳಲಿ. ನಮಗೇನ ಅಂಥಾ ಗಡಿಬಿಡಿ ಐತಿ?"

*

ಮಧ್ಯಾಹ್ನದ ಬಿಸಿಲಿನಲ್ಲಿ ಕುಬೇರಪ್ಪನನ್ನು ಕೆರೆಯ ಹತ್ತಿರದ ಹೊಲದಲ್ಲಿ ವಿಭೂತಿ, ಬಿಲ್ವಪತ್ರೆಗಳ ನಡುವೆ ಕೂರಿಸಿ ಮಣ್ಣು ಕೊಟ್ಟರು. ಎಲ್ಲ ಕ್ರಮವಾಗಿ ಆಯಿತು. ಸ್ನಾನ ಮಾಡಿ, ಅನ್ನ ಸಾರು ಉಂಡು ಬಂದವರು ಒಬ್ಬೊಬ್ಬರಾಗಿ ಹೊರಟರು. ಶೇವಂತೆವ್ವ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅತ್ತು ಹಗುರಾಗಿದ್ದಳು. ಭಾಗ್ಯಶ್ರೀ ಬಂದು ಪಕ್ಕದಲ್ಲಿ ಕೂತಳು. 

"ಅತ್ತಿ, ಹುಚ್ಚಪ್ಪ ಕೇಳಾಕತ್ತಿದ್ದ. ನಿನ್ನ ಪೇಪರ್ ನಾಳಿಂದ ಬಂದ ಮಾಡಸ್ಲೇನು? ಇನ್ನ ಯಾಕ ಅದು?"

ಶೇವಂತೆವ್ವ ತಮ್ಮನ ಈ ಮಗಳನ್ನು, ಬುದ್ಧಿ ಇದೆಯೋ ಇಲ್ಲವೋ ಎಂಬಂತೆ, ಮೇಲಿಂದ ಕೆಳಗಿನವರೆಗೆ ನೋಡಿದಳು.

"ಯಾಕ? ನೀ ಇಲ್ಲೇನು? ನಿಮ್ಮಣ್ಣ ಇಲ್ಲೇನು?"

 ಮುದುಕಿ ಮಡಿಲಲ್ಲಿದ್ದ ಪೇಪರು ಬಿಡಿಸಿ ಒಂಬತ್ತನೆಯ ಪುಟ ಹುಡುಕಿದಳು. ಮುಂಜಾನೆ ತಮ್ಮನ ಮುಖ ಕಂಡೊಡನೆ ನೋಡುವುದನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಕೆರೆಯ ಕಡೆಯಿಂದ ಗಾಳಿ ಬಂದು ಹಾಳೆ ಪಟಪಟ ಅಂದಿತು. ಭಾಗ್ಯಶ್ರೀ ಅದರ ಇನ್ನೊಂದು ತುದಿ ಹಿಡಿದುಕೊಂಡಳು. ಶೇವಂತೆವ್ವನ ಬೆರಳು ತಮ್ಮನ ಫೋಟೋದಿಂದ ಮೆಲ್ಲಗೆ ಆಚೆ ಸರಿದು, ಮುಂದಿನ ಮುಖದ ಕೆಳಗೆ ನಿಂತಿತು. ಆಮೇಲೆ ಅದರ ಮುಂದಿನದರ ಕೆಳಗೆ.